ಮೊದಲ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್: ಯಾವುದನ್ನು ಮೊದಲು ಕೊಳ್ಳಬೇಕು?

ನಾನು ಮೊದಲು ಕೊಂಡದ್ದು ಮೋಟರ್. ಆಫರ್‌ನಲ್ಲಿ ಸಿಕ್ಕಿತು ಅಂತ ಖುಷಿಯಲ್ಲಿ ಅದರ ಜೊತೆ ಮೌಂಟ್ (ಮೋಟರನ್ನು ಹಿಡಿದಿಡುವ ಬ್ರಾಕೆಟ್) ಕೂಡ ತರಿಸಿಕೊಂಡೆ. ಎರಡೂ ಕೈಗೆ ಬಂದ ಮೇಲೆ ನೋಡಿದರೆ ಆ ಮೌಂಟ್ ನನ್ನ ಟ್ರಕ್ಕಿಗೆ ಕೂರುವುದೇ ಇಲ್ಲ. (ಟ್ರಕ್ ಅಂದರೆ ಲಾರಿ ಅಲ್ಲ, ಹಲಗೆಯ ಕೆಳಗೆ ಚಕ್ರಗಳನ್ನು ಹಿಡಿದುಕೊಂಡಿರುವ ಅಲ್ಯೂಮಿನಿಯಂ ಅಚ್ಚು.) ಕೆಲವು ಟ್ರಕ್ಕಿನ ಹ್ಯಾಂಗರ್ (ಮೌಂಟ್ ಕೂರುವ ಅಡ್ಡ ತೋಳು) ದುಂಡಗಿರುತ್ತೆ, ಕ್ಯಾಲಿಬರ್ ಬ್ರ್ಯಾಂಡಿನ ಥರದ್ದು ಚಪ್ಪಟೆ ಮೂಲೆಗಳಿರುವ ಆಕಾರ. ಮೌಂಟ್ ಆ ಆಕಾರಕ್ಕೆ ಸರಿಯಾಗಿ ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಮೋಟರ್ ಸಮೇತ ತಿರುಗಿಬಿಡುತ್ತೆ.

ಹಾಗಾಗಿ ಹಲಗೆ, ಟ್ರಕ್ ಮತ್ತು ಚಕ್ರ ಮೊದಲು ತಗೊಳ್ಳಿ. ಸುಮ್ನೆ ಒಂದು ವಾರ ಕಾಲಲ್ಲಿ ತಳ್ಳಿಕೊಂಡು ಓಡಿಸಿ, ಬ್ಯಾಲೆನ್ಸ್ ಕೂಡ ಬರುತ್ತೆ. ನಮ್ಮ ರಸ್ತೆಗಳಿಗೆ 83 ಮಿಲಿಮೀಟರಿಗಿಂತ ಚಿಕ್ಕ ಚಕ್ರ ಬೇಡ, 90 ಅಥವಾ 97 ಸಿಕ್ಕರೆ ಇನ್ನೂ ಒಳ್ಳೆಯದು. ಹಲಗೆ ತೀರಾ ಕೆಳಗೆ ಇಳಿದಿದ್ದರೆ ಲೇಔಟಿನ ಪ್ರತಿ ಹಂಪ್‌ಗೂ ಬ್ಯಾಟರಿ ಡಬ್ಬ ಉಜ್ಜುತ್ತೆ. ಬೇರಿಂಗ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಯಾವ ಬೇರಿಂಗ್ ಅಂಗಡಿಯಲ್ಲಾದರೂ 608 ಅಂತ ಕೇಳಿದರೆ ಕೊಡುತ್ತಾರೆ.

ಆಮೇಲೆ ಮೋಟರ್. ಮೊದಲ ಬೋರ್ಡಿಗೆ 6374 ಸೈಜಿನದು (63 ಮಿಲಿಮೀಟರ್ ದಪ್ಪ, 74 ಉದ್ದ) ಒಂದೇ ಸಾಕು. ಹಾಲ್ ಸೆನ್ಸರ್ (ಮೋಟರ್ ಎಷ್ಟು ತಿರುಗಿದೆ ಅಂತ ಕಂಟ್ರೋಲರ್‌ಗೆ ತಿಳಿಸುವುದು) ಇರುವುದನ್ನೇ ಆರಿಸಿ, ಇಲ್ಲದಿದ್ದರೆ ನಿಂತಲ್ಲಿಂದ ಹೊರಡುವಾಗ ಜರ್ಕ್ ಹೊಡೆಯುತ್ತೆ. ಕೊಳ್ಳುವ ಮುಂಚೆ ಒಂದು ಲೆಕ್ಕ ಮಾಡಿ. ಮೋಟರಿನ ವಿವರದಲ್ಲಿ 170 ಕೆವಿ ಅಂತ ಇದ್ದರೆ ಅದು ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ 170 ಸುತ್ತು. 36 ವೋಲ್ಟಿಗೆ 6,120. ಮೋಟರಿನ ಪುಲ್ಲಿ 15 ಹಲ್ಲಿನದು, ಚಕ್ರದ್ದು 36 ಹಲ್ಲಿನದು ಅಂದುಕೊಂಡರೆ ಚಕ್ರ ನಿಮಿಷಕ್ಕೆ 2,550 ಸಲ ತಿರುಗುತ್ತೆ, 83 ಮಿಲಿಮೀಟರ್ ಚಕ್ರ ಒಂದು ಸುತ್ತಿಗೆ ಸುಮಾರು 26 ಸೆಂಟಿಮೀಟರ್ ಹೋಗುತ್ತೆ, ಅಂದರೆ ಗಂಟೆಗೆ 40 ಕಿಲೋಮೀಟರ್ ಹತ್ತಿರ! ಮೇಲೆ ಮನುಷ್ಯ ನಿಂತರೆ ಇಷ್ಟು ಬರಲ್ಲ, ಆದರೂ ಕಲಿಯುವವರಿಗೆ ಇದೇ ಜಾಸ್ತಿ. ಬೆಲ್ಟ್ ಎಚ್‌ಟಿಡಿ 5ಎಂ (ಹಲ್ಲಿಂದ ಹಲ್ಲಿಗೆ 5 ಮಿಲಿಮೀಟರ್), 15 ಮಿಲಿಮೀಟರ್ ಅಗಲದ್ದು. ಉದ್ದ ಎಷ್ಟು ಅಂತ ಪುಲ್ಲಿಗಳನ್ನು ಕೂರಿಸಿ ಅಳೆದ ಮೇಲೆಯೇ ಆರ್ಡರ್ ಮಾಡಿ, ಮಾಡುವಾಗ ಎರಡು ತರಿಸಿ.

ಮೋಟರ್ ನಡೆಸುವ ಕಂಟ್ರೋಲರ್‌ಗೆ ವೆಸ್ಕ್ ತಗೊಳ್ಳಿ. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಮಾಡಿದ ಓಪನ್ ಸೋರ್ಸ್ ವಿನ್ಯಾಸ ಅದು. ಆ್ಯಪ್‌ನಲ್ಲೇ ಕರೆಂಟ್, ಬ್ರೇಕ್, ವೇಗಕ್ಕೆಲ್ಲ ಮಿತಿ ಹಾಕಬಹುದು. ಡ್ರೋನ್‌ನ ಅಗ್ಗದ ಇಎಸ್‌ಸಿ (ಅದರ ಮೋಟರ್ ಕಂಟ್ರೋಲರ್) ಹಾಕಿದರೆ ಬ್ರೇಕ್ ನಂಬುವ ಹಾಗಿಲ್ಲ.

ಬ್ಯಾಟರಿ ಕೊನೆಗೆ, ಆದರೆ ಜಾಸ್ತಿ ದುಡ್ಡು ಇಡಬೇಕಾದ್ದು ಅಲ್ಲೇ. ಹಲಗೆಯ ಕೆಳಗೆ ಎಷ್ಟು ಜಾಗ ಉಳಿಯಿತು ಅಂತ ಅಳೆದು ನೋಡಿ. 4,200 ಎಂಎಎಚ್‌ನ 21700 ಸೆಲ್ (21 ಮಿಲಿಮೀಟರ್ ದಪ್ಪ, 70 ಉದ್ದ) ಇಪ್ಪತ್ತು ಹಾಕಿ 10ಎಸ್2ಪಿ, ಅಂದರೆ ಎರಡೆರಡು ಸಮಾಂತರವಾಗಿ ಸೇರಿಸಿ ಅಂಥ ಹತ್ತು ಜೋಡಿ ಸಾಲಾಗಿ, ಮಾಡಿದರೆ 36 ವೋಲ್ಟ್, ಸುಮಾರು 300 ವ್ಯಾಟ್ ಅವರ್. ಫುಲ್ ಚಾರ್ಜ್ ಆದಾಗ 42 ವೋಲ್ಟ್ ಇರುತ್ತೆ, ಚಾರ್ಜರ್ ಕೂಡ 42ರದ್ದೇ ಬೇಕು. ಅಮೆರಿಕದಿಂದ ಬರುವ ಅಣ್ಣನಿಗೆ ಮೋಟರ್, ವೆಸ್ಕ್ ತರಲು ಹೇಳಿ, ಬ್ಯಾಟರಿ ಮಾತ್ರ ಬೇಡ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್ ಅವರ್ ದಾಟಿದ್ದನ್ನು ಬಿಡಲ್ಲ.

ಬೆಂಗಳೂರಿನವರು ಎಸ್‌ಪಿ ರೋಡಲ್ಲಿ ಸೆಲ್ ಹುಡುಕುವಾಗ ಹುಷಾರು. 18650 ಸೆಲ್ (21700ಕ್ಕಿಂತ ಚಿಕ್ಕ ಸೈಜು) ಮೇಲೆ 9,900 ಎಂಎಎಚ್ ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು, ಅಲ್ಲೇ ಇಟ್ಟು ಬನ್ನಿ. ಜೇಬಿನಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಇರಲಿ. ಒಳ್ಳೆಯ 18650 ಸುಮಾರು 45 ಗ್ರಾಂ ತೂಗುತ್ತೆ, 21700 ಸುಮಾರು 70. ಹಗುರ ಇದ್ದರೆ ಅನುಮಾನ ಪಡಿ. ಸೆಲ್‌ಗಳಿಗೆ ನೇರವಾಗಿ ಸೋಲ್ಡರ್ ಇಟ್ಟು ಬಿಸಿ ಮಾಡಬೇಡಿ, ಸ್ಪಾಟ್ ವೆಲ್ಡೇ ಆಗಬೇಕು. ಮೊದಲ ಸಲಕ್ಕೆ ಇ-ಸೈಕಲ್ ಬ್ಯಾಟರಿ ಕಟ್ಟುವವರ ಹತ್ತಿರ ಕಟ್ಟಿಸಿ ಅಂತಲೇ ನಾನು ಹೇಳುವುದು. ಆದರೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರಿನದು ಅಂತ ಬಾಯಿ ಬಿಟ್ಟು ಕೇಳಿ. ಸೈಕಲ್ಲಿಗೆ ಹಾಕುವ ಚಿಕ್ಕದನ್ನೇ ಹಾಕಿಕೊಟ್ಟರೆ ಏರು ಹತ್ತುವಾಗ ಅದು ಕಟ್ ಆಗುತ್ತೆ. ಈ ಬೋರ್ಡಿನಲ್ಲಿ ಬ್ರೇಕ್ ಹಿಡಿಯುವುದೂ ಮೋಟರೇ, ಅಂದರೆ ಪವರ್ ಹೋದರೆ ಬ್ರೇಕೂ ಹೋಯಿತು. ಇದಕ್ಕೇ ಎಷ್ಟೋ ಜನ ಬಿಎಂಎಸ್ ಅನ್ನು ಚಾರ್ಜಿಂಗ್‌ಗೆ ಮಾತ್ರ ಇಟ್ಟುಕೊಂಡು, ಓಡುವಾಗಿನ ಮಿತಿಗಳನ್ನು ವೆಸ್ಕ್‌ನಲ್ಲೇ ಹಾಕುತ್ತಾರೆ. ಕನೆಕ್ಟರ್‌ಗೆ ಎಕ್ಸ್‌ಟಿ90-ಎಸ್ ತಗೊಳ್ಳಿ, ಸಿಕ್ಕಿಸುವಾಗ ಕಿಡಿ ಹಾರಲ್ಲ.

ಟೂಲ್ಸ್ ತುಂಬಾ ಏನೂ ಬೇಡ. ಮಲ್ಟಿಮೀಟರ್, ಅಲೆನ್ ಕೀ ಸೆಟ್, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ವೈರಿಗೆ ಬಿಗಿಯಾಗಿ ಅಂಟುವ ಕೊಳವೆ), 12 ಗೇಜಿನ ಸಿಲಿಕೋನ್ ವೈರ್. ಕಾಲೇಜಿನ ಕಾಲದ 25 ವ್ಯಾಟ್ ಸೋಲ್ಡರಿಂಗ್ ಐರನ್ ಈ ದಪ್ಪ ವೈರಿಗೆ ಆಗಲ್ಲ, 60 ವ್ಯಾಟಿಗೆ ಮೇಲೆ ಬೇಕು. ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಮರೆಯಬೇಡಿ, ಅದಿಲ್ಲದೆ ಹೋದರೆ ಅದುರಿ ಅದುರಿ ಬೋಲ್ಟ್‌ಗಳೆಲ್ಲ ರಸ್ತೆಪಾಲು. ಡಬ್ಬದ ಅಂಚಿಗೆ ನೀರು ನುಗ್ಗದ ಹಾಗೆ ಕಾರ್ ಬಾಗಿಲಿನ ರಬ್ಬರ್ ಬೀಡಿಂಗ್ ಚೆನ್ನಾಗಿ ಕೂರುತ್ತೆ, ಜೆಸಿ ರೋಡಲ್ಲಿ ವಿಚಾರಿಸಿ. ಬ್ಯಾಟರಿ ಮುಟ್ಟುವ ಮುಂಚೆ ಉಂಗುರ, ಕಡಗ ಬಿಚ್ಚಿಡಿ. ಹೆಲ್ಮೆಟ್ಟಿಗೆ ಬೈಕಿನದೇ ನಡೆಯುತ್ತೆ, ಹೊಸದು ಕೊಳ್ಳಬೇಕಿಲ್ಲ.

ಇನ್ನು ಸ್ಪ್ಯಾನರ್. ಚಕ್ರದ ನಟ್‌ಗೆ ಮನೆಯಲ್ಲಿರುವ 13ರದ್ದು ನಡೆಯುತ್ತೆ. ಟ್ರಕ್ಕಿನ ನಡುವಿನ ದಪ್ಪ ಬೋಲ್ಟ್ ಇದೆಯಲ್ಲ, ಆ ಕಿಂಗ್‌ಪಿನ್‌ನ ನಟ್ ಮಾತ್ರ 9/16 ಇಂಚಿನದು, ಅದಕ್ಕೆ 14ರದ್ದು ಹೋಗಲ್ಲ, 15ರದ್ದು ಜಾರುತ್ತೆ. ಇಂಚಿನ ಸ್ಪ್ಯಾನರ್ ಒಂದನ್ನು ಕೇಳಿ ತನ್ನಿ.