ಟಿ3 ಸೇರಿಸಿದಾಗ ಟಿ4 ಯಾಕೆ ಇಳಿಯುತ್ತದೆ

ಶಿರಸಿಯ ನನ್ನ ಕ್ಲಿನಿಕ್ಕಿಗೆ ಥೈರಾಯ್ಡ್ ರಿಪೋರ್ಟ್ ಹಿಡಿದು ಬರುವವರು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಟಿ4 ಕಡಿಮೆ ಬಂತಲ್ಲ ಡಾಕ್ಟ್ರೇ, ಗುಳಿಗೆ ಜಾಸ್ತಿ ಮಾಡೂದಾ?" ಟಿ4, ಟಿ3 ಅಂದರೆ ಥೈರಾಯ್ಡ್ ಗ್ರಂಥಿಯ ಎರಡು ಹಾರ್ಮೋನುಗಳು. ಟಿ4ರ ಆ ಒಂದು ಅಂಕಿ ನೋಡಿ ನಾನು ಡೋಸ್ ಏರಿಸುವುದಿಲ್ಲ. ಟಿ3 ಗುಳಿಗೆಯೂ ನಡೆಯುತ್ತಿದೆಯಾ ಎಂದು ಮೊದಲು ಕೇಳುತ್ತೇನೆ.

ಸಾಮಾನ್ಯವಾಗಿ ಕೊಡುವುದು ಟಿ4 ಮಾತ್ರ; ಬೇಕಾದ ಟಿ3ಯನ್ನು ದೇಹವೇ ಅದರಿಂದ ಮಾಡಿಕೊಳ್ಳುತ್ತದೆ. ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್) ಸರಿಬಂದರೂ ಸುಸ್ತು ಬಿಡದ ಕೆಲವರಿಗೆ ತಜ್ಞರು ಚೂರು ಟಿ3 ಸೇರಿಸುತ್ತಾರೆ. ಅಡಿಕೆ ತೋಟದ ಅಮ್ಮ ಒಬ್ಬರಿಗೆ ಹೀಗೆ ಟಿ4 ಅನ್ನು 100 ಮೈಕ್ರೋಗ್ರಾಮಿನಿಂದ 75ಕ್ಕೆ ಇಳಿಸಿ, 5 ಮೈಕ್ರೋಗ್ರಾಂ ಟಿ3 ಎರಡು ಹೊತ್ತು ಬರೆದಿದ್ದರು. ಮುಂದಿನ ರಿಪೋರ್ಟಿನಲ್ಲಿ ಟಿಎಸ್‌ಎಚ್ 1.8, ಅಂದರೆ ಸರಿಯೇ; ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಇರುವ ಟಿ4) ಮಾತ್ರ ಮಿತಿಗಿಂತ ತುಸು ಕೆಳಗೆ.

ಡೋಸ್ ಇಳಿಸಿದ್ದು ಒಂದು ಕಾರಣ. ಇನ್ನೆರಡು ಟಿ3ಯದೇ ಕೆಲಸ. ಅದು ಪಿಟ್ಯುಟರಿಯ ಟಿಎಸ್‌ಎಚ್ ತಗ್ಗಿಸುವುದರಿಂದ, ಉಳಿದಿರುವ ಥೈರಾಯ್ಡ್ ಗ್ರಂಥಿ ತಾನಾಗಿ ಕೊಡುತ್ತಿದ್ದ ಟಿ4 ಕುಗ್ಗುತ್ತದೆ. ಜೊತೆಗೆ ಟಿ4ರಿಂದ ಅಯೋಡಿನ್ ಕಳಚುವ ಕಿಣ್ವಗಳನ್ನೂ ಅದು ಚುರುಕು ಮಾಡುತ್ತದೆ. ಕೆರೆಗೆ ಬರುವ ಒರತೆ ಸಣ್ಣದಾಗಿ, ಅದೇ ಹೊತ್ತಿಗೆ ತೂಬು ಅಗಲವಾದ ಹಾಗೆ. ಇಷ್ಟು ಸಣ್ಣ ಡೋಸಿನಲ್ಲಿ ತೂಬಿನ ಪಾಲು ಸಣ್ಣದೇ. ಹಾರ್ಮೋನ್ ಅತಿಯಾದವರಲ್ಲಿ ಅದು ಎದ್ದು ಕಾಣುತ್ತದೆ. ಆರೋಗ್ಯವಂತರ ರಕ್ತದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಅತಿಯಾದವರಲ್ಲಿ 3-4 ದಿನ ಸಾಕು, ಕೊರತೆಯಿದ್ದವರಲ್ಲಿ 9-10 ದಿನ.

ಈ ಕೊನೆಯ ಅಂಕಿ ನನಗೆ ದಿನವೂ ಬೇಕಾಗುತ್ತದೆ. ತೀರಾ ಕೊರತೆಯಿದ್ದವರಿಗೆ ಗುಳಿಗೆ ಶುರುಮಾಡಿದಾಗ ಟಿ4 ನಿಧಾನಕ್ಕೆ ಖರ್ಚಾಗುತ್ತದೆ. ಮೈ ಸರಿಯಾದ ಹಾಗೆ ಖರ್ಚೂ ಏರುತ್ತದೆ, ಮೊದಲು ಸಾಕೆನಿಸಿದ ಡೋಸ್ ಸಾಲದೆ ಹೋಗಬಹುದು. ಹಾಗಾಗಿ 6-8 ವಾರಕ್ಕೆ ಟಿಎಸ್‌ಎಚ್ ಸರಿಬಂದರೂ, 4-6 ತಿಂಗಳಿಗೆ ಇನ್ನೊಮ್ಮೆ ನೋಡದೆ ನಾನು ಬಿಡುವುದಿಲ್ಲ. ರಕ್ತ ಕೊಡುವುದು ಬೆಳಗಿನ ಗುಳಿಗೆಗೆ ಮುಂಚೆ. ಟಿ3 ನುಂಗಿದ 2-4 ಗಂಟೆಯಲ್ಲಿ ಅದರ ಮಟ್ಟ ಏರಿರುತ್ತದೆ, ಆಗಿನ ಅಂಕಿ ನಂಬುವಂಥದ್ದಲ್ಲ.

ಆ ಅಮ್ಮನ ನಾಡಿ 72, ಕೈನಡುಕ ಇಲ್ಲ, ನಿದ್ದೆ ಸರಿ. ಡೋಸ್ ಮುಟ್ಟಲಿಲ್ಲ.

ಇಳಿದ ಟಿ4 ಅನ್ನು ನಾನು ಒಪ್ಪದಿರುವುದು ಮಗು ಬೇಕೆಂದಿರುವ ಹೆಣ್ಣುಮಕ್ಕಳಲ್ಲಿ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳು ನೆಚ್ಚಿಕೊಂಡಿರುವುದು ತಾಯಿಯ ಟಿ4 ಮೇಲೆ, ಟಿ3 ಆ ಜಾಗ ತುಂಬುವುದಿಲ್ಲ. ಅಂಥವರಿಗೆ ತಜ್ಞರ ಜೊತೆ ಮಾತಾಡಿ ಟಿ3 ನಿಲ್ಲಿಸಿ, ಪೂರ್ತಿ ಟಿ4ಕ್ಕೇ ತರುತ್ತೇನೆ, ಗರ್ಭ ನಿಲ್ಲುವ ಮೊದಲೇ.