ಉದ್ದದ ಆರ್‌ಎನ್‌ಎಯ ನಡುವೆ ಲೇಬಲ್: 10ಡಿಎಂ24 ಜೊತೆ ನನ್ನ ಅನುಭವ

10ಡಿಎಂ24 ಒಂದು ಡಿಎನ್‌ಎಜೈಮ್, ಅಂದರೆ ಕಿಣ್ವದ ಹಾಗೆ ಕೆಲಸ ಮಾಡುವ ಡಿಎನ್‌ಎ ತುಂಡು. ಡೈ ಹೊತ್ತ ಚಿಕ್ಕ 'ಟ್ಯಾಗ್' ಆರ್‌ಎನ್‌ಎಯನ್ನು ಉದ್ದದ ಆರ್‌ಎನ್‌ಎಯ ನಡುವಿನ ಒಂದು 'ಎ'ಗೆ ಅಂಟಿಸುತ್ತದೆ. "ಡಿಎನ್‌ಎಜೈಮ್ ನೆಚ್ಚಿಕೊಂಡು ಕೂತರೆ ಆದ ಹಾಗೇ, ಸುಮ್ನೆ ಸಿಂಥೆಸಿಸ್‌ಗೆ ಕೊಡು" ಅಂದವರೇ ಜಾಸ್ತಿ. ನನಗೆ ಬೇಕಿದ್ದದ್ದು ನೂರೈವತ್ತು ಚಿಲ್ಲರೆ ಬೇಸ್‌ಗಳ ಆರ್‌ಎನ್‌ಎ, ಅದರ ನಡುವಿನ ಒಂದೇ ಒಂದು 'ಎ' ಮೇಲೆ ಸೈ3 ಎಂಬ ಹೊಳೆಯುವ ಡೈ. ಆ ಉದ್ದಕ್ಕೆ ಸಿಂಥೆಸಿಸ್ ಅಂದರೆ ತುಂಡುತುಂಡಾಗಿ ತರಿಸಿ ಲೈಗೇಟ್ ಮಾಡಬೇಕು, ಅಂದರೆ ಒಂದಕ್ಕೊಂದು ಜೋಡಿಸಬೇಕು. ದುಡ್ಡು ಸುರಿದರೂ ಕೊನೆಗೆ ಉಳಿಯುವುದು ಚೂರೇ ಚೂರು. ಡಿಎನ್‌ಎಜೈಮ್ ದಾರಿಗೆ ಬೇಕಾದದ್ದು ಮಾಮೂಲಿ ಡಿಎನ್‌ಎ ಆಲಿಗೋ, ಅಂದರೆ ಚಿಕ್ಕ ಡಿಎನ್‌ಎ ತುಂಡು. ಒಂದು ಲೇಬಲ್ಡ್ ತುಂಡಿನ ಖರ್ಚಿನಲ್ಲಿ ಹತ್ತಾರು ಡಿಸೈನ್ ತರಿಸಿ ನೋಡಿದೆ.

ಶುರುವಿನ ಜೆಲ್‌ಗಳಲ್ಲಿ ಪ್ರಾಡಕ್ಟ್ ಶೇಕಡಾ 5 ಕೂಡ ದಾಟಲಿಲ್ಲ. ಚಿಕ್ಕ ಮಾದರಿಯಲ್ಲಿ ಸಲೀಸಾಗಿ ನಡೆದ ರಿಯಾಕ್ಷನ್ ಉದ್ದದ್ದರಲ್ಲಿ ಮುಷ್ಕರ ಹೂಡಿತು. ಡಿಎನ್‌ಎಜೈಮ್‌ನ ಬೈಂಡಿಂಗ್ ಆರ್ಮ್ (ಆರ್‌ಎನ್‌ಎಯನ್ನು ಹಿಡಿಯುವ ಭಾಗ) ಕೂರಬೇಕಾದ ಜಾಗವೇ ಹೇರ್‌ಪಿನ್ (ಆರ್‌ಎನ್‌ಎ ತನ್ನ ಮೇಲೇ ಮಡಚಿಕೊಂಡ ಗಂಟು) ಒಳಗಿತ್ತು. ರಿಯಾಕ್ಷನ್‌ಗೆ ಬೇಕಾದ ಮೆಗ್ನೀಸಿಯಂ ಏರಿಸಿದರೆ ಹೇರ್‌ಪಿನ್ ಇನ್ನಷ್ಟು ಗಟ್ಟಿ. ಪಿಎಚ್ 9ರಲ್ಲಿ ರಾತ್ರಿಯಿಡೀ ಬಿಟ್ಟರೆ ಆರ್‌ಎನ್‌ಎ ಚೂರುಚೂರಾಗಿ ಜೆಲ್‌ನ ಲೇನ್ ತುಂಬ ಸ್ಮಿಯರ್.

ದಾರಿ ಸಿಕ್ಕಿದ್ದು ಅನೀಲಿಂಗ್‌ನಲ್ಲಿ, ಅಂದರೆ ಕಾಯಿಸಿ ತಣಿಸಿ ಎಳೆಗಳನ್ನು ಜೊತೆಗೂಡಿಸುವಲ್ಲಿ. ಚೂರು ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಇರುವ ಬಫರ್‌ನಲ್ಲಿ ಟಾರ್ಗೆಟ್, ಡಿಎನ್‌ಎಜೈಮ್, ಟ್ಯಾಗ್ ಆರ್‌ಎನ್‌ಎ ಮೂರನ್ನೂ ಸುಮಾರು 1:3:6ರಲ್ಲಿ ಸೇರಿಸಿ 95 ಡಿಗ್ರಿಗೆ ಕಾಯಿಸಿ ತಣಿಸಿದೆ. ಉಪ್ಪು, 40 ಮಿಲಿಮೋಲಾರ್ ಮೆಗ್ನೀಸಿಯಂ ಎಲ್ಲ ಆಮೇಲೆ. ಹೇರ್‌ಪಿನ್ ಬಿಡಿಸಲು ಎರಡು ಹೆಲ್ಪರ್ ಆಲಿಗೋ ಹಾಕಿದೆ. ಅವು ಎಲ್ಲಿ ಕೂತಿವೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ! 37 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆಗೆ ಶೇಕಡಾ 60ರ ಆಸುಪಾಸು ಬಂತು. ಟ್ಯಾಗ್‌ನ ಅಮೈನೋಅಲೈಲ್ 'ಸಿ'ಗೆ (ಡೈ ಹಿಡಿಯಲು ಕೊಂಡಿ ಇರುವ 'ಸಿ' ಬೇಸ್) ಡೈ ಮೊದಲೇ ಕೂರಿಸಿ, ಜೆಲ್‌ನಲ್ಲಿ ಶುದ್ಧ ಮಾಡಿಟ್ಟುಕೊಳ್ಳಿ. ಕೊನೆಗೆ ಕೂರಿಸಲು ಹೋದರೆ ದುಬಾರಿ ಡೈ ಸುಮ್ನೆ ಹಾಳು.

"ಸರಿಯಾದ 'ಎ' ಮೇಲೇ ಕೂತಿದೆಯಾ?" ಎಂಬ ಪ್ರಶ್ನೆ ಬಂದೇ ಬಂತು. 5' ತುದಿಗೆ ರೇಡಿಯೋಲೇಬಲ್ ಹಾಕಿ ಆಲ್ಕಲೈನ್ ಲ್ಯಾಡರ್ ಓಡಿಸಿದೆ, ಅಂದರೆ ಕ್ಷಾರದಲ್ಲಿ ಒಂದೊಂದು ಬೇಸ್ ಬಳಿಯೂ ಕಡಿದ ತುಂಡುಗಳನ್ನು ಜೆಲ್‌ನಲ್ಲಿ ಉದ್ದದ ಪ್ರಕಾರ ಬೇರ್ಪಡಿಸಿದೆ. ಕೆಳಗಿನಿಂದ ಬ್ಯಾಂಡ್‌ಗಳು ಒಂದೊಂದೇ ಮೇಲೇರಿ, ಆ 'ಎ' ಬಂದ ಕಡೆ ಗಕ್ಕನೆ ನಿಂತವು. ಕಡಿಯಲು ಬೇಕಾದ ಅಲ್ಲಿನ 2' ಹೈಡ್ರಾಕ್ಸಿಲ್‌ಗೇ ಟ್ಯಾಗ್ ಕೂತಿರುವಾಗ ಸರಪಳಿ ಅಲ್ಲಿ ಹೇಗೆ ಕಡಿಯಬೇಕು, ಅಲ್ವಾ? ಖಾಲಿ ಜಾಗ ಬಿಟ್ಟು ಉಳಿದವು ಟ್ಯಾಗ್ ಹೊತ್ತುಕೊಂಡು ಮೇಲೆ ಶುರುವಾದವು. ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ನಡುವೆ ಟ್ಯಾಗ್ ಆರ್‌ಎನ್‌ಎ ಬಿಟ್ಟು, ಡೈ ಇರುವ ಜಿಟಿಪಿಯನ್ನೇ (ಆರ್‌ಎನ್‌ಎಯ ಒಂದು ಬಿಡಿ ಘಟಕ) ಕೊಟ್ಟು ಟರ್ಬಿಯಂ ಎಂಬ ಲೋಹದ ಅಯಾನು ಸೇರಿಸಿಯೂ ನೋಡಿದೆ. ವೇಗ ಚೆನ್ನಾಗಿದೆ. ಆದರೆ ಟರ್ಬಿಯಂ ಸ್ವಲ್ಪ ಜಾಸ್ತಿಯಾದರೂ ಆರ್‌ಎನ್‌ಎಯನ್ನೇ ಕತ್ತರಿಸುತ್ತದೆ. ಚಿಕ್ಕವಕ್ಕೆ ಅದು ಸಾಕು. ಉದ್ದದ್ದಕ್ಕೆ ಈಗಲೂ ಟ್ಯಾಗ್‌ನಿಂದಲೇ ಮಾಡುತ್ತಿದ್ದೇನೆ.