ಕೈ ವಿಂಚಿಗೆ ಒಂದು ಎಚ್‌ಪಿ ಮೋಟಾರ್ ಹಾಕಿ ದೋಣಿ ಎಳೆದ ಅನುಭವ

ಹ್ಯಾಂಡಲ್ ತಿರುಗಿಸಿ ಡ್ರಮ್ಮಿಗೆ ರೋಪ್ ಸುತ್ತಿ ದೋಣಿ ಎಳೆಯುವ ಕೈ ವಿಂಚಿಗೆ ಮೋಟಾರ್ ಕೂರಿಸುತ್ತೇನೆ ಅಂದಾಗ ಊರಿನಲ್ಲಿ ಒಬ್ಬರೂ ಆಗುತ್ತದೆ ಅನ್ನಲಿಲ್ಲ. ಎಲೆಕ್ಟ್ರಿಷಿಯನ್ ಮೂರು ಎಚ್‌ಪಿ ಥ್ರೀ ಫೇಸ್ ಇಲ್ಲದೆ ದೋಣಿ ಅಲುಗುವುದೇ ಇಲ್ಲ ಅಂದರು. ಭಾವ, "ಮಾರಾಯಾ, ಐಲೇಸಾ ಅನ್ಲಿಕ್ಕೆ ನಾಲ್ಕು ಜನ ಸಿಗ್ತಾರಲ್ಲ, ಇದೆಲ್ಲ ಯಾಕೆ?" ಅಂದರು. ಆ ನಾಲ್ಕು ಜನ ಈಗ ಸಿಗುವುದಿಲ್ಲ ಅನ್ನುವುದೇ ನಮ್ಮ ಕಡೆಯ ಸಮಸ್ಯೆ. ಹುಡುಗರೆಲ್ಲ ಬೆಂಗಳೂರು, ದುಬೈ. ಈಗ ಒಂದೇ ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನಲ್ಲಿ ನಾನೊಬ್ಬನೇ ನಿಂತು ದೋಣಿ ಮೇಲೆ ತರುತ್ತೇನೆ. ಹೇಗೆ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕುಂದಾಪುರದ ಹತ್ತಿರದ ಗಂಗೊಳ್ಳಿ ಅಳಿವೆಯಿಂದ ಸ್ವಲ್ಪ ಒಳಗೆ, ಐದು ಹೊಳೆ ಸೇರುವ ಪಂಚಗಂಗಾವಳಿಯ ದಡದಲ್ಲಿ. ಬೇಸಿಗೆಯಲ್ಲಿ ಉಪ್ಪುನೀರು, ಮಳೆಗಾಲದಲ್ಲಿ ಐದೂ ಹೊಳೆಗಳ ನೆರೆ. ನೆರೆ ಬಂದಾಗ ದೋಣಿ ನೀರಿನಲ್ಲಿದ್ದರೆ ಹಗ್ಗ ಕಿತ್ತುಕೊಂಡು ಹೋಗುತ್ತದೆ. 26 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್ನು, ಬಲೆ ಎಲ್ಲ ಸೇರಿ 800 ಕೆಜಿ ಹತ್ತಿರ ಇರಬಹುದು. ಕಾಂಕ್ರೀಟ್ ಇಳಿಜಾರು ಎಂಟು ಅಡಿಗೆ ಒಂದು ಅಡಿ ಏರುತ್ತದೆ. ಅದರ ಮೇಲೆ ನಾಲ್ಕು ಚಕ್ರದ ಟ್ರಾಲಿ. ಎಳೆಯಬೇಕಾದ ದೂರ ಸುಮಾರು 20 ಮೀಟರ್.

ಎಲ್ಲರೂ 800 ಕೆಜಿ ನೋಡಿ ಹೆದರುತ್ತಾರೆ. ನಾವು ದೋಣಿ ಎತ್ತುವುದಿಲ್ಲ, ಇಳಿಜಾರಿನಲ್ಲಿ ಉರುಳಿಸುತ್ತೇವೆ, ಅಲ್ವಾ? ಮೀನು ಹರಾಜಿನ ಕಡೆಯಿಂದ ತೂಗುಹಾಕುವ ಡಿಜಿಟಲ್ ತೂಕದ ಯಂತ್ರವೊಂದನ್ನು ಎರವಲು ತಂದು, ಟ್ರಾಲಿಗೂ ವೈರ್ ರೋಪಿಗೂ ನಡುವೆ ಸಿಕ್ಕಿಸಿ, ಕೈಯಿಂದಲೇ ವಿಂಚ್ ತಿರುಗಿಸಿ ನೋಡಿದೆ. ಚಕ್ರಗಳು ಕೆಸರಿನಲ್ಲಿ ಹೂತಿದ್ದಾಗ ಮೊದಲ ಜಗ್ಗಿಗೆ 220 ಕೆಜಿ ದಾಟಿತು. ಕಾಂಕ್ರೀಟಿಗೆ ಹತ್ತಿದ ಮೇಲೆ 140-150 ಆಸುಪಾಸಿನಲ್ಲೇ ಆಡುತ್ತಿತ್ತು. ಆ ಅಂಕಿ ನೋಡಿದ ಮೇಲೆ ಮೂರು ಎಚ್‌ಪಿ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕೆಲಸ ಮಾಡುವವರು ಮೊದಲು ಎಳೆತ ಅಳೆಯಿರಿ, ಆಮೇಲೆ ಮೋಟಾರ್ ಹುಡುಕಿ.

ಆದರೂ ದುಡ್ಡು ಹೋಗದೆ ಕೆಲಸ ಆಗಲಿಲ್ಲ. ಮೊದಲು ದೊಡ್ಡ ಡ್ರಿಲ್ ಮಷಿನ್ನಿಗೆ ಸಾಕೆಟ್ ಹಾಕಿ ಹ್ಯಾಂಡಲಿನ ಶಾಫ್ಟ್ ತಿರುಗಿಸಿದೆ. ಖಾಲಿ ಟ್ರಾಲಿ ಚೆನ್ನಾಗಿಯೇ ಬಂತು. ದೋಣಿ ಕೂತ ಮೇಲೆ ಅರ್ಧ ದಾರಿಯಲ್ಲಿ ಡ್ರಿಲ್ಲಿನಿಂದ ಹೊಗೆ. ಆಮೇಲೆ ಗುಜರಿಯಿಂದ ಕಾರಿನ ಸ್ಟಾರ್ಟರ್ ಮೋಟಾರ್ ತಂದೆ. ಬಲ ಬೇಕಾದಷ್ಟಿದೆ, ಆದರೆ ಅದು ಕೆಲವು ಸೆಕೆಂಡ್ ಮಾತ್ರ ತಿರುಗಲಿ ಅಂತ ಮಾಡಿದ ವಸ್ತು. ಮುಟ್ಟಲಾಗದಷ್ಟು ಬಿಸಿಯಾಯ್ತು, ಬ್ಯಾಟರಿಯೂ ಮಲಗಿತು. ಮೂರನೆಯದು ಮಾಮೂಲಿ ಎಸಿ ಮೋಟಾರಿಗೆ ಎರಡು ಹಂತದ ಬೆಲ್ಟು. ಬಿಸಿಲಿನಲ್ಲಿ ಚೆನ್ನಾಗಿ ಎಳೆಯಿತು. ಮಳೆ ಎರಚಲು ಬಿದ್ದ ಕೂಡಲೇ ಪುಲ್ಲಿ ಸುಮ್ನೆ ತಿರುಗುತ್ತದೆ, ದೋಣಿ ನಿಂತಲ್ಲೇ. ಮಳೆಯಲ್ಲಿ ನಡೆಯದ ವಿಂಚ್ ನಮಗೆ ಯಾಕೆ ಬೇಕು? ಈ ಮೂರಕ್ಕೂ ಸೇರಿ ಆರೇಳು ಸಾವಿರ ನೀರಿಗೆ ಹೋಯಿತು.

ಕೊನೆಗೆ ಕೈಗೂಡಿದ್ದು ಹೀಗೆ. ವಿಂಚ್ ಮಾಡಿದ್ದೇ ಕೈ ವೇಗಕ್ಕೆ, ನಿಮಿಷಕ್ಕೆ ಮೂವತ್ತು ಸುತ್ತು. ಹಾಗಾದರೆ ಮೋಟಾರನ್ನೇ ಆ ವೇಗಕ್ಕೆ ಇಳಿಸಬೇಕು, ಅಷ್ಟೇ. 1440 ಸುತ್ತಿನ ಮೋಟಾರ್, ಅದಕ್ಕೆ 30ಕ್ಕೆ 1ರ ವರ್ಮ್ ಗೇರ್ ಬಾಕ್ಸ್ (ಸ್ಕ್ರೂನಂಥ ಶಾಫ್ಟ್ ಹಲ್ಲಿನ ಚಕ್ರವನ್ನು ನಿಧಾನ ತಿರುಗಿಸುವ ಪೆಟ್ಟಿಗೆ), ಅಲ್ಲಿಗೆ 48 ಸುತ್ತು. ಅಲ್ಲಿಂದ 14 ಹಲ್ಲಿನ ಸ್ಪ್ರಾಕೆಟ್‌ನಿಂದ 21 ಹಲ್ಲಿನದಕ್ಕೆ ಚೈನ್, ಸರಿಯಾಗಿ 32. ವಿಂಚಿನ ಒಳಗಿನ ನಾಲ್ಕಕ್ಕೆ ಒಂದರ ಗೇರನ್ನು ಮುಟ್ಟಲೇ ಇಲ್ಲ. ಡ್ರಮ್ಮು ನಿಮಿಷಕ್ಕೆ ಎಂಟು ಸುತ್ತು. ಐದು ನಿಮಿಷದಲ್ಲಿ ದೋಣಿ ಮೇಲೆ. ಲೇತಿನವರು ಶಾಫ್ಟ್ ಕೊರೆದು ಕೊಡುವಾಗಲೂ ತಲೆ ಅಲ್ಲಾಡಿಸುತ್ತಿದ್ದರು, ಈಗ ತಮ್ಮ ಗಿರಾಕಿಗಳನ್ನು ನೋಡಿ ಬರಲಿಕ್ಕೆ ನನ್ನ ಹತ್ತಿರ ಕಳಿಸುತ್ತಾರೆ!

ವರ್ಮ್ ಗೇರ್ ಹಿಂದೆ ತಿರುಗುವುದಿಲ್ಲ ಅಂತ ಕೆಲವರು ವಿಂಚಿನ ರಾಚೆಟ್ (ಡ್ರಮ್ಮು ಹಿಂದೆ ತಿರುಗದಂತೆ ತಡೆಯುವ ಹಲ್ಲು-ನಾಲಿಗೆ) ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ. 30ರ ಗೇರು ಅದುರಾಟಕ್ಕೆ ಮೆಲ್ಲ ಮೆಲ್ಲ ಜಾರುತ್ತದೆ. ದೋಣಿ ನಿಲ್ಲಬೇಕಾದದ್ದು ರಾಚೆಟ್‌ನ ನಾಲಿಗೆಯ ಮೇಲೆ. ಇನ್ನೊಂದು, ಮೋಟಾರ್ ಓಡುವಾಗ ಹ್ಯಾಂಡಲ್ ಶಾಫ್ಟಿನಲ್ಲಿ ಇರಲೇಬಾರದು. ಅದು ತಿರುಗಿ ಬಡಿದರೆ ಕೈಮೂಳೆ ಮುರಿಯುತ್ತದೆ. ಸ್ಪ್ರಾಕೆಟ್ಟಿಗೆ ಒಂದು ಪಿನ್ ಇಟ್ಟಿದ್ದೇನೆ. ಕರೆಂಟ್ ಹೋದರೆ ಪಿನ್ ಎಳೆದು ಹ್ಯಾಂಡಲ್ ಹಾಕಿದರೆ ಮೊದಲಿನ ಹಾಗೇ ಕೈ ವಿಂಚ್.

ದೋಣಿ ಇಳಿಸಲಿಕ್ಕೆ ಮೋಟಾರ್ ಉಲ್ಟಾ ತಿರುಗಬೇಕು. ಸ್ಟಾರ್ಟಿಂಗ್ ವೈಂಡಿಂಗಿನ (ಮೋಟಾರನ್ನು ಹೊರಡಿಸುವ ತಂತಿ ಸುರುಳಿ) ಎರಡೂ ತುದಿ ಹೊರಗೆ ಬಂದಿರುವ ಮೋಟಾರೇ ತೆಗೆದುಕೊಳ್ಳಿ, ಫಾರ್ವರ್ಡ್-ರಿವರ್ಸ್ ಸ್ವಿಚ್ ಹಾಕಿ. ಓಡುತ್ತಿರುವಾಗ ಸ್ವಿಚ್ ತಿರುವಿದರೆ ಈ ಕೆಪಾಸಿಟರ್ ಸ್ಟಾರ್ಟ್ ಮೋಟಾರ್ ಅದೇ ದಿಕ್ಕಿಗೇ ಓಡುತ್ತಿರುತ್ತದೆ. ಪೂರ್ತಿ ನಿಂತ ಮೇಲೆ ಉಲ್ಟಾ ಕೊಡಿ. ಓಡಿಸಲಿಕ್ಕೆ ಒತ್ತಿ ಹಿಡಿಯುವ ಬಟನ್, ಕೈ ಬಿಟ್ಟರೆ ನಿಲ್ಲಬೇಕು. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಕಡ್ಡಾಯ, ಒದ್ದೆ ಕಾಲಿನಲ್ಲಿ ನಿಂತು ಮಾಡುವ ಕೆಲಸ ಇದು. ದೋಣಿ ಮೇಲೆ ತಲುಪಿದಾಗ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್ಚಿನ ಒಳಗೆ ಉಪ್ಪುಗಾಳಿ ಹೋಗಿ ತಾಮ್ರ ಹಸಿರಾಗುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಮ್ಮದು ಲೈನಿನ ಕೊನೆ ಮನೆ. ಸಂಜೆ ವೋಲ್ಟೇಜು 180ಕ್ಕೆ ಬರುತ್ತದೆ. ಭಾರ ಇಟ್ಟುಕೊಂಡು ಸ್ಟಾರ್ಟ್ ಮಾಡಿದರೆ ಮೋಟಾರ್ ಗುಂಯ್ ಅಂತ ನಿಲ್ಲುತ್ತದೆ. ಎರಡು ಸುತ್ತಿನಷ್ಟು ರೋಪ್ ಸಡಿಲ ಬಿಟ್ಟು ಸ್ಟಾರ್ಟ್ ಕೊಟ್ಟರೆ ಮೋಟಾರ್ ವೇಗ ಹಿಡಿದ ಮೇಲೆ ಭಾರ ಬೀಳುತ್ತದೆ. ಇದೊಂದು ಗೊತ್ತಾದ ಮೇಲೆ ಸ್ಟೆಬಿಲೈಸರ್ ತರುವ ಖರ್ಚು ಉಳಿಯಿತು.

ಇನ್ನು ಖರ್ಚಿನ ವಿಷಯ. ಹಳೆಯ ಗೇರ್ ಬಾಕ್ಸ್ 4 ಸಾವಿರ, ಹಳೆಯ ಮೋಟಾರ್ ಮೂರೂವರೆ, ಚೈನು ಸ್ಪ್ರಾಕೆಟ್ ಎರಡರ ಒಳಗೆ, ಲೇತಿಗೆ ಎರಡು, ಆ್ಯಂಗಲ್ ಫ್ರೇಮಿಗೆ ಎರಡೂವರೆ, ವೈರಿಂಗಿಗೆ ಇನ್ನೊಂದು ಎರಡೂವರೆ. 16-17 ಸಾವಿರದಲ್ಲಿ ಮುಗಿಯಿತು. ರೆಡಿಮೇಡ್ ವಿಂಚಿಗೆ ನನಗೆ ಹೇಳಿದ ರೇಟು 40ರ ಮೇಲೆ.

ನಡುವೆ ವೈರ್ ರೋಪಿನ ತುಕ್ಕಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದು ನೋಡಿದೆ. ಮರದ ದೋಣಿಗೆ ಹಿಂದಿನವರು ಅದನ್ನೇ ಬಳಿಯುತ್ತಿದ್ದರಲ್ಲ. ಫ್ರೇಮಿನ ಆ್ಯಂಗಲ್ಲಿಗೆ ಬಳಿದದ್ದು ಈಗಲೂ ಕಲ್ಲಿನ ಹಾಗೆ ಕೂತಿದೆ, ತುಕ್ಕಿಲ್ಲ. ರೋಪಿಗೆ ಮಾತ್ರ ಆಗುವುದಿಲ್ಲ. ಒಣಗಿ ಗಟ್ಟಿಯಾಗಿ, ಡ್ರಮ್ಮಿಗೆ ಸುತ್ತುವಾಗ ಪುಡಿಪುಡಿ ಉದುರುತ್ತದೆ. ಬಳಿಯುವುದಾದರೆ ಗ್ಲೌಸ್ ಹಾಕಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ರೋಪಿಗೆ ಈಗ ಗ್ರೀಸೇ ಹಚ್ಚುತ್ತೇನೆ.

ಪಕ್ಕದ ಕುದ್ರುವಿನವರು (ಹೊಳೆ ನಡುವಿನ ದ್ವೀಪದವರು) ಈಗ ತಮ್ಮ 32 ಅಡಿ ದೋಣಿಗೂ ಮಾಡಿಕೊಡಿ ಅನ್ನುತ್ತಿದ್ದಾರೆ. ಅವರ ಇಳಿಜಾರು ನಮ್ಮದಕ್ಕಿಂತ ಕಡಿದು, 40ರ ಗೇರ್ ಬಾಕ್ಸ್ ಬೇಕಾಗುತ್ತದೆ. ಕುಂದಾಪುರ, ಉಡುಪಿ ಕಡೆಯ ಗುಜರಿಯಲ್ಲಿ ಎಣ್ಣೆ ಸೋರದ ಒಂದು ಕಣ್ಣಿಗೆ ಬಿದ್ದರೆ ತಿಳಿಸಿ, ಐದು ಸಾವಿರದವರೆಗೆ ಕೊಟ್ಟು ತೆಗೆದುಕೊಳ್ಳುತ್ತೇವೆ.